ಜೋಡಿಕಲ್ಲಿನ ಓಣಿ ಮುಚ್ಚುವ ಮುನ್ನ

ಪುಷ್ಯಮಾಸದ ಒಂದು ಬೆಳಗು. ಸಾಗರದ ಪೇಟೆಬೀದಿಯಿಂದ ಕೆರೆಯ ಕಡೆಗೆ ಇಳಿಯುವ ಇಕ್ಕಟ್ಟಾದ ಒಂದು ಓಣಿ. ಓಣಿಯ ಬಾಯಲ್ಲಿ, ಗಾಡಿಗಳು ನುಗ್ಗದಿರಲೆಂದು ಯಾರೋ ಯಾವ ಕಾಲದಲ್ಲೋ ನೆಟ್ಟ ಎರಡು ಕಲ್ಲು. ಸೊಂಟದೆತ್ತರದವು, ನೆತ್ತಿ ಸವೆದು ನುಣುಪಾದವು. ಒಂದು ಬದಿಗೆ ಬಸದಿಯ ಹೂದೋಟದ ಜಂಬಿಟ್ಟಿಗೆ ಗೋಡೆ. ಇನ್ನೊಂದು ಬದಿಗೆ ಮೂರ್ತಿ ಹೆಗಡೆಯವರ ಅಡಿಕೆ ಮಂಡಿ. ನಡುವೆ, ನೆಲ ಕಾಣದಂತೆ, ಚಾಪೆಗಳ ಮೇಲೆ ಹರವಿದ ಕೆಂಪಡಿಕೆ. ಬಿಸಿಲು ಇನ್ನೂ ಗೋಡೆಯ ನೆತ್ತಿಯಲ್ಲೇ ಇದೆ, ಕೆಳಗಿಳಿಯಲು ಅನುಮಾನಿಸುತ್ತಿದೆ. ಗಾಳಿಯಿಲ್ಲ. ಸದ್ದಿಲ್ಲ.

ಗೋಡೆಯ ಬುಡದಲ್ಲಿ ಮಾತ್ರ, ಚಾಪೆಯ ಅಂಚಿಗೂ ಗೋಡೆಗೂ ನಡುವೆ, ಒಬ್ಬ ಮನುಷ್ಯ ನಡೆಯುವಷ್ಟು ನೆಲ ಬರಿದಾಗಿದೆ. ಆ ನೆಲದುದ್ದಕ್ಕೂ ಗೋಡೆಯ ಮೇಲೆ ಒಂದು ಗೆರೆ. ಒರಟು ಕಲ್ಲನ್ನು ಒಂದೇ ಅಂಗೈ ವರ್ಷಾನುಗಟ್ಟಲೆ ಸವರಿ ಸವರಿ ಹೊಳಪೇರಿಸಿದ ಗೆರೆ. ಗೆರೆಯ ಈಚೆಯ ತುದಿಯಲ್ಲಿ ಒಬ್ಬ ಗಂಡಸು ನಿಂತಿದ್ದಾನೆ. ಎಡಗೈ ಗೋಡೆಯ ಮೇಲಿದೆ, ಬಲಗೈಯಲ್ಲಿ ಸೀಳಿದ ಬೆತ್ತದ ಕಟ್ಟು. ಮೊದಲ ಹೆಜ್ಜೆಯನ್ನು ಇನ್ನೂ ಎತ್ತಿಲ್ಲ. ಅವನ ಹಿಂದೆ, ತೆರೆದ ಬಾಗಿಲಲ್ಲಿ, ಒಬ್ಬ ಹೆಂಗಸು.

ಹೆಜ್ಜೆ ಎದ್ದಿತು. ಊರಿಗೆ ಬೆಳಗಾಯಿತು.

ಅವನು ದೇವಕುಮಾರ. ಎಳವೆಯಲ್ಲೇ ಸಿಡುಬು ಅವನ ಎರಡು ಕಣ್ಣುಗಳನ್ನೂ ಕೊಂಡೊಯ್ದಿತ್ತು. ಮೈಸೂರಿಗೆ ಹೋಗಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತು ಬಂದವನು. ಜೋಡಿಕಲ್ಲು ದಾಟಿದರೆ ಎದುರಿಗೇ ಬಡಗಿ ಭೂತಪ್ಪನ ಕೊಟ್ಟಿಗೆ. ಊರಿನ ಕಚೇರಿಗಳ ಕುರ್ಚಿಗಳೆಲ್ಲ ಹರಿದು ಜೋತುಬಿದ್ದಾಗ ಅಲ್ಲಿಗೆ ಬರುತ್ತಿದ್ದವು, ದೇವಕುಮಾರನ ಕೈಯಲ್ಲಿ ಬಿಗಿಯಾಗಿ ಹೋಗುತ್ತಿದ್ದವು. ಮನೆಯಿಂದ ಅಲ್ಲಿಯವರೆಗೆ ಅವನಿಗೆ ಕೋಲು ಬೇಡ, ಜೊತೆ ಬೇಡ. ಬಾಗಿಲಲ್ಲಿ ನಿಂತವಳು ಹೆಂಡತಿ ಜಿನಮ್ಮ. ಮದುವೆಯಾಗಿ ಬಂದಂದಿನಿಂದ, ಅವನು ಜೋಡಿಕಲ್ಲು ದಾಟುವವರೆಗೆ ಅವಳು ಬಾಗಿಲು ಮುಚ್ಚಿದವಳಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಉಕ್ಕಲಿ.

ಆ ಓಣಿಗೆ ಒಂದು ಪದ್ಧತಿಯಿತ್ತು. ಮಂಡಿಗೆ ಬಂದ ಅಡಿಕೆಯಲ್ಲಿ ಹಸಿ ಉಳಿದಿದ್ದರೆ ಮತ್ತೆ ಬಿಸಿಲು ತೋರಿಸಬೇಕು. ಅದಕ್ಕೆ ಹೆಗಡೆಯವರ ಅಜ್ಜನ ಕಾಲದಿಂದಲೂ ಓಣಿಯಲ್ಲೇ ಚಾಪೆ ಬೀಳುತ್ತಿತ್ತು. ಹರವಿದ ಅಡಿಕೆಯನ್ನು ದಾಟುವುದೆಂದರೆ ಲಕ್ಷ್ಮಿಯನ್ನೇ ದಾಟಿದಂತೆ. ಆದ್ದರಿಂದ ಮಂಡಿಯಿಂದ ಕೆಳಗಿನ ಮನೆಗಳವರು, ಯಾರೂ ಹೇಳದೆಯೇ, ಅಡಿಕೆಯ ಕಾಲದಲ್ಲಿ ಆ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿ ದೊಡ್ಡ ರಸ್ತೆಯಿಂದ ಪೇಟೆಗೆ ಹೋಗುತ್ತಿದ್ದರು. ಹೆಗಡೆಯವರೂ, ಯಾರೂ ಕೇಳದೆಯೇ, ದೇವಕುಮಾರನಿಗಾಗಿ ಗೋಡೆಯ ಬುಡವನ್ನು ಬಿಡಿಸುತ್ತಿದ್ದರು. ಎರಡೂ ಕಡೆಯ ಮರ್ಯಾದೆ ಅದು. ಇಂಥ ಮರ್ಯಾದೆಯಲ್ಲಿ ಕೇಡು ಅಡಗಿರಬಹುದೆಂದು ಯಾರು ತಾನೆ ಎಣಿಸಿಯಾರು?

ಅಂದು ಬಿಸಿಲೇರಿದ ಮೇಲೆ ಸೊಪ್ಪು ಮಾರುವ ಹುಲಿಯಮ್ಮ ಬಂದು ಬುಟ್ಟಿ ಇಳಿಸಿದಳು. ಅವಳದೂ ಅದೇ ಸಾಲಿನ ಕೊನೆಯ ಮನೆ.

"ಅಮ್ಮಾ, ಕೇಳಿದ್ರಾ? ಪುರಸಭೆ ಜಟ್ಟಿಂಗಪ್ಪ ಡಂಗುರ ಹೊಡೀತಾ ಬಂದಿದ್ದ. ಕಲ್ಲಿಗೂ ಒಂದು ಕಾಗದ ಅಂಟ್ಸಿ ಹೋದ."

"ಎಂತ ಅಂತೆ?"

"ನಮ್ಮ ಓಣಿ ಮುಚ್ತಾರಂತೆ."

"ಅಡಿಕೆ ಕಾಲದಲ್ಲಿ ಯಾರು ಅಲ್ಲಿ ಓಡಾಡ್ತಾರೆ ಹುಲಿಯಮ್ಮಾ?"

"ನಾನೂ ಅದನ್ನೇ ಅಂದೆ. ವರ್ಷವರ್ಷವೂ ನಾವೇ ಬಿಟ್ಟುಕೊಡೋ ಓಣಿಗೆ ಡಂಗುರ ಯಾಕೋ ಜಟ್ಟಿಂಗಾ, ನಿನ್ನ ತಮಟೆ ಹರಿದುಹೋದೀತು ಅಂದೆ. ಅವ ಹೇಳ್ತಾನೆ, ಇದು ಕಾಯಂ ಕಣವ್ವಾ, ಆ ಕಡೆಗೊಂದು ಈ ಕಡೆಗೊಂದು ಗೋಡೆ ಏಳ್ತದೆ ಅಂತ."

ಜಿನಮ್ಮ ಸೊಪ್ಪನ್ನು ಕೈಯಲ್ಲಿ ಹಿಡಿದೇ ಎದ್ದಳು. ಕಾಗದ ಅಂಟಿಸಿದ್ದ ಕಲ್ಲು ಮನೆಯ ಬಾಗಿಲಿನಿಂದ ಕಣ್ಣಿಗೆ ಕಾಣುತ್ತಿತ್ತು. ಆದರೆ ನಡುವೆ ಅಡಿಕೆ ಇತ್ತು. ಗೋಡೆಯ ಬುಡದ ದಾರಿ ಗಂಡನದು. ಅಲ್ಲಿ ಅವಳು ಎಂದೂ ಕಾಲಿಟ್ಟವಳಲ್ಲ. ಕೆರೆಯ ಏರಿ ಹಿಡಿದು, ದೊಡ್ಡ ರಸ್ತೆ ಸುತ್ತಿ, ತನ್ನ ಓಣಿಯ ಕಾಗದ ಓದಲು ಊರೆಲ್ಲ ತಿರುಗಿ ಬಂದಳು.

ಜೋಡಿಕಲ್ಲಿನಿಂದ ಮಂಡಿಯ ಕೊನೆಯವರೆಗಿನ ಸಾರ್ವಜನಿಕ ಓಣಿಯನ್ನು ಶಾಶ್ವತವಾಗಿ ಮುಚ್ಚಿ, ಆ ಜಾಗವನ್ನು ಮಂಡಿಗೆ ಸೇರಿಸಿಕೊಡಬೇಕೆಂದು ಅರ್ಜಿ ಬಂದಿದೆ. ತಕರಾರಿದ್ದವರು ಒಂದು ತಿಂಗಳೊಳಗೆ ಬರೆದು ತಿಳಿಸತಕ್ಕದ್ದು. ಇಷ್ಟೇ ಇದ್ದುದು. ಗೋಂದು ಇನ್ನೂ ಹಸಿಯಾಗಿತ್ತು.

ಸಂಜೆ ಹೆಗಡೆಯವರೇ ಬಂದರು. ದೇವಕುಮಾರ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೈ ತೊಳೆಯುತ್ತಿದ್ದ.

"ದೇವಣ್ಣಾ, ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಬಂದೆ," ಎಂದರು ಹೆಗಡೆಯವರು, ಜಗಲಿಯಲ್ಲಿ ಕುಳಿತು. "ಮಂಡಿ ಸಾಲೋದಿಲ್ಲ. ಹೊಸನಗರದ ಕಡೆಯ ಮಾಲೆಲ್ಲ ಈಗ ಇಲ್ಲಿಗೇ ಇಳೀತದೆ. ಓಣಿ ಹೇಗೂ ಖಾಲಿ. ನಿಮ್ಮ ಚಿಂತೆ ನಿಮಗೆ ಬೇಡ. ದಿನಾ ಬೆಳಗ್ಗೆ ನಮ್ಮ ಆಳು ಬಂದು ನಿಮ್ಮ ಕೈ ಹಿಡಿದು ಭೂತಪ್ಪನ ಕೊಟ್ಟಿಗೆಗೆ ಬಿಡ್ತಾನೆ, ಸಂಜೆ ತಂದು ಮನೆಗೆ ಬಿಡ್ತಾನೆ. ನಾನು ಇರೋವರೆಗೂ ಈ ಮಾತು ತಪ್ಪೋದಿಲ್ಲ."

"ನೀವು ದೊಡ್ಡ ಮನಸ್ಸಿನವರು ಹೆಗಡೇರೇ," ಎಂದ ದೇವಕುಮಾರ.

ಅವರು ಹೋದ ಮೇಲೆ ಜಿನಮ್ಮನ ಎದೆಯ ಭಾರ ಇಳಿಯಿತು. "ಎಂಥ ಮನುಷ್ಯ ನೋಡಿ. ನಮ್ಮನ್ನ ಕೇಳಬೇಕಾದ್ದೇ ಇರಲಿಲ್ಲ ಅವರು."

"ಒಳ್ಳೆಯವರೇ," ಎಂದ ದೇವಕುಮಾರ. ಆದರೆ ಬಡಿಸಿದ ಅನ್ನದಲ್ಲಿ ಅರ್ಧ ಹಾಗೆಯೇ ಉಳಿಯಿತು. ಅನ್ನ ಬಿಟ್ಟೇಳುವ ಮನೆಯಲ್ಲ ಅದು.

ಮರುದಿನ ವನಮಾಲಾ ಬಂದಳು. ತೀರ್ಥಹಳ್ಳಿಯ ಮಗಳು, ಸಾಗರದ ಸೊಸೆ, ಮಹಿಳಾ ಸಮಾಜದ ಕಾರ್ಯದರ್ಶಿ. ಪುರಸಭೆಯ ಸಭೆ ನಡೆದಾಗ ಹಿಂದಿನ ಬೆಂಚಿನಲ್ಲಿ ಕುಳಿತು ಕೊನೆಯವರೆಗೆ ಕೇಳಿ ಬರುವ ಹೆಂಗಸು ಊರಿನಲ್ಲಿ ಅವಳೊಬ್ಬಳೇ. "ಅಲ್ಲಿ ಬರೋ ನಿದ್ದೆ ಮನೇಲಿ ಬರೋದಿಲ್ವಾ ಅಕ್ಕಾ?" ಎಂದು ಹುಲಿಯಮ್ಮ ಅವಳನ್ನು ಕೆಣಕುತ್ತಿದ್ದಳು. ಹುಲಿಯಮ್ಮ ಆಗಲೂ ಅಲ್ಲೇ ಇದ್ದಳು, ಮೆಟ್ಟಿಲ ಮೇಲೆ.

"ಕಲ್ಲಿನ ಮೇಲಿನ ಕಾಗದ ಓದಿದ್ರಾ ಜಿನಮ್ಮಾ?"

"ಓದಿದೆ. ಹೆಗಡೇರೇ ಬಂದು ಹೇಳಿಯೂ ಹೋದ್ರು. ಇವರಿಗೆ ಆಳು ಕೊಡ್ತಾರಂತೆ."

"ಓಣಿ ಹೋದ್ರೂ ಅಡ್ಡಿಯಿಲ್ಲ ಅಂತಲಾ?"

"ನಮಗೆ ಇಷ್ಟು ವರ್ಷ ಗೋಡೆ ಬದಿ ಬಿಟ್ಟುಕೊಟ್ಟವರು. ಅವರ ಮೇಲೆ ಕಾಗದ ಬರೆಯೋದಾ? ಬೆಳಗಾದ್ರೆ ಮುಖ ನೋಡಬೇಕಾದವರು. ಅಲ್ಲದೆ, ದುಡ್ಡಿರೋರು ಅರ್ಜಿ ಹಾಕಿದ ಮೇಲೆ ಪುರಸಭೆಯವರು ಎಲ್ಲ ನಿಶ್ಚಯ ಮಾಡಿಯೇ ಇರ್ತಾರೆ. ಡಂಗುರ ಬರೀ ಶಾಸ್ತ್ರಕ್ಕೆ."

ವನಮಾಲಾ ನಗಲಿಲ್ಲ. ಚಾಪೆಯ ಮೇಲೆ ನೇರವಾಗಿ ಕುಳಿತಳು.

"ಶಾಸ್ತ್ರಕ್ಕಲ್ಲ. ಕೇಳಿ. ಸಾರ್ವಜನಿಕ ದಾರಿ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನ ಹೆಗಡೇರು ಮುಚ್ಚೋ ಹಾಗಿಲ್ಲ, ಪುರಸಭೆ ಅಧ್ಯಕ್ಷರೂ ಒಬ್ಬರೇ ಮುಚ್ಚೋ ಹಾಗಿಲ್ಲ. ಅರ್ಜಿ ಬಂದ್ರೆ ಮೊದಲು ಊರಿಗೆಲ್ಲ ತಿಳಿಸಬೇಕು. ತಕರಾರು ಹೇಳಲಿಕ್ಕೆ ಸಮಯ ಕೊಡಬೇಕು. ಸದಸ್ಯರು ಬಂದು ಜಾಗ ನೋಡಬೇಕು. ಬಂದ ತಕರಾರನ್ನ ಸಭೆಯಲ್ಲಿ ಓದಿ, ಮಾತಾಡಿ, ಆಮೇಲೆ ಕೈ ಎತ್ತಬೇಕು. ಮುಚ್ಚಬೇಕು ಅಂತ ಆದ್ರೂ ಅಲ್ಲಿಗೇ ಮುಗೀಲಿಲ್ಲ, ಸರ್ಕಾರದ ಒಪ್ಪಿಗೆಗೆ ಹೋಗಬೇಕು."

"ಇಷ್ಟೊಂದು ಬಾಗಿಲಾ ಒಂದು ಓಣಿಗೆ?" ಎಂದಳು ಹುಲಿಯಮ್ಮ.

"ಹೌದು. ಯಾಕೆಂದ್ರೆ ಒಂದ್ಸಲ ಮುಚ್ಚಿ ಕಟ್ಟಡ ಎದ್ದ ಮೇಲೆ ಮತ್ತೆ ತೆಗೆಸೋದು ಆಗದ ಮಾತು. ಆದರೆ ಅಷ್ಟು ಬಾಗಿಲಿದ್ದೂ ಒಳಗೆ ಹೋಗಿ ಮಾತಾಡೋರು ಇಲ್ಲದಿದ್ರೆ ಎಂತ ಪ್ರಯೋಜನ? ನನ್ನ ಸೋದರತ್ತೆಯ ಊರಲ್ಲಿ ಹೊಳೆಗೆ ಇಳಿಯೋ ದಾರಿ ಹೀಗೇ ಹೋಯ್ತು. ಕಾಗದ ಅಂಟಿಸಿದ್ರು, ಯಾರೂ ಓದಲಿಲ್ಲ. ತಕರಾರು ಕೇಳಿದ್ರು, ಯಾರೂ ಕೊಡಲಿಲ್ಲ. ಬೇಡ ಅನ್ನೋರು ಇಲ್ಲದ ಮೇಲೆ ಮುಚ್ಚಿದ್ರು. ತಪ್ಪು ಯಾರದ್ದು ಅಂತ ಹೇಳ್ತೀರಿ?"

ಜಿನಮ್ಮ ಓಣಿಯ ಕಡೆಗೆ ತಿರುಗಿ ನೋಡಿದಳು.

"ಅವರು ನೋಡೋದು ಕೆಲವು ಸಂಗತಿ," ಎಂದು ವನಮಾಲಾ ಮುಂದುವರಿಸಿದಳು. "ಈ ದಾರಿಯಲ್ಲಿ ಯಾರು ಓಡಾಡ್ತಾರೆ? ಮುಚ್ಚಿದ್ರೆ ಅವರಿಗೆ ಬೇರೆ ದಾರಿ ಉಂಟಾ, ಅದು ಇಷ್ಟೇ ಸುಲಭವಾ? ಮಳೆನೀರು ಎಲ್ಲಿಂದ ಹರೀತದೆ? ಬೆಂಕಿ ಬಿದ್ರೆ, ಹೆರಿಗೆ ಬಂದ್ರೆ ಜನ ಹೇಗೆ ಹೋಗ್ತಾರೆ? ಮುಚ್ಚೋದ್ರಿಂದ ಊರಿಗೆ ಒಳ್ಳೇದಾ, ಒಬ್ಬರಿಗೆ ಒಳ್ಳೇದಾ? ಕೆಲವು ದಾರಿ ಮುಚ್ಚೋದೇ ಸರಿ. ಹಳೇ ಬಾವಿಯ ಬದಿಯ ಕಾಲುದಾರಿ ಕುಸಿದಾಗ ಮುಚ್ಚಿದ್ರಲ್ಲ, ಆಗ ನಾನೂ ಮುಚ್ಚಲಿ ಅಂದವಳೇ. ನಮ್ಮ ಓಣಿಗೆ ಮಾತ್ರ ಮೊದಲ ಪ್ರಶ್ನೆಗೇ ತಪ್ಪು ಉತ್ತರ ಹೋಗಿದೆ."

"ಅಂದ್ರೆ?"

"ಮೊನ್ನೆ ಪುರಸಭೆ ಓವರ್‌ಸೀಯರು ಬಂದು ನೋಡಿ ಹೋದ್ರು. ಬೆಳಗ್ಗೆ ದೇವಣ್ಣ ದಾಟಿ ಹೋದ ಮೇಲೆ ಬಂದ್ರು, ಮಧ್ಯಾಹ್ನ ಬಂದ್ರು. ಓಣಿ ತುಂಬ ಅಡಿಕೆ, ಒಂದು ನರಪಿಳ್ಳೆ ಇಲ್ಲ. ಜನಸಂಚಾರ ಇಲ್ಲ ಅಂತ ಬರೆದಿದ್ದಾರೆ. ಸುಳ್ಳೇನೂ ಬರೀಲಿಲ್ಲ ಅವರು. ಕಂಡದ್ದನ್ನ ಬರೆದ್ರು."

ಹುಲಿಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ನಾವು ಲಕ್ಷ್ಮೀನ ದಾಟಬಾರದು ಅಂತ ಸುತ್ತಿ ಸುತ್ತಿ ಕಾಲು ಸವೆಸಿದ್ರೆ, ಇವರಿಗೆ ಓಣಿಯೇ ಬೇಡ ಅಂತ ಬರ್ಕೊಂಡ್ರಾ!"

"ಮರ್ಯಾದೆಗೆ ಬಿಟ್ಟ ದಾರಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾವು ಹೇಳಬೇಕು."

ಜಿನಮ್ಮನಿಗೆ ಆಗಲೂ ಮನಸ್ಸಾಗಲಿಲ್ಲ. "ಯೋಚನೆ ಮಾಡ್ತೇನೆ," ಎಂದಷ್ಟೇ ಹೇಳಿ ಕುಂಕುಮ ಕೊಟ್ಟು ಕಳಿಸಿದಳು.

ಆದರೆ ಅನುಮಾನ ಒಮ್ಮೆ ಮನೆಯೊಳಗೆ ಬಂದರೆ ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮಾರನೆಯ ಬೆಳಗ್ಗೆ ದೇವಕುಮಾರ ಗೋಡೆಯ ಕಡೆಗೆ ಕೈ ಚಾಚಿದಾಗ ಜಿನಮ್ಮ ಅವನ ತೋಳು ಹಿಡಿದಳು.

"ಇವತ್ತು ದೊಡ್ಡ ರಸ್ತೆಯಿಂದ ಹೋಗೋಣ. ಹೇಗಾಗ್ತದೆ ನೋಡೋಣ. ನಾನೇ ಬರ್ತೇನೆ."

ಅವನು ಆಗಲಿ ಎಂದ.

ಕೆರೆಯ ಏರಿಯವರೆಗೆ ಎಲ್ಲ ಸರಿಯಿತ್ತು. ದೊಡ್ಡ ರಸ್ತೆಗೆ ಬಂದೊಡನೆ ಜಗತ್ತಿನ ಸದ್ದೆಲ್ಲ ಒಂದೇ ಸಲ ಅವನ ಮೇಲೆ ಬಿದ್ದಿತು. ಆನಂದಪುರದ ಕಡೆಯಿಂದ ಬಂದ ಬಸ್ಸು ಹಾರ್ನ್ ಹೊಡೆಯುತ್ತ ತಿರುಗಿತು. ಜೋಗದ ಕಡೆಗೆ ಹೊರಟ ಲಾರಿಯೊಂದು ಮೈಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಯಿತು. ದೇವಕುಮಾರ ನಿಂತುಬಿಟ್ಟ. ಅವನ ಎಡಗೈ ಗಾಳಿಯಲ್ಲಿ ಗೋಡೆಯನ್ನು ಹುಡುಕಿತು. ಗೋಡೆ ಇರಲಿಲ್ಲ. ಜಿನಮ್ಮ ಹಿಡಿದಿದ್ದ ಕೈ ಬೆವರಿನಿಂದ ಜಾರಿತು. ಅವಳು ಮತ್ತೆ ಬಿಗಿಯಾಗಿ ಹಿಡಿದಳು. "ಬಲಕ್ಕೆ, ಬಲಕ್ಕೆ. ಚರಂಡಿ ಇದೆ, ಕಾಲು ಎತ್ತಿಡಿ," ಎನ್ನುತ್ತ ಎಳೆದಳು. ಯಾರೋ ಹಿಂದಿನಿಂದ, "ಬದಿಗೆ ಕರ್ಕೊಂಡು ಹೋಗಮ್ಮ ಅವರನ್ನ," ಎಂದರು. ಅವರ ದನಿಯಲ್ಲಿ ಕರುಣೆಯೇ ಇತ್ತು.

ಓಣಿಯಲ್ಲಿ ಒಡೆಯನಂತೆ ನಡೆಯುತ್ತಿದ್ದ ಮನುಷ್ಯ ಅವನೇ ಏನು? ಜಿನಮ್ಮ ತಿರುಗಿ ನೋಡಿದಳು. ಅವನ ಮುಖ ಬೆತ್ತದಂತೆ ಬಿಗಿದಿತ್ತು.

ಭೂತಪ್ಪನ ಕೊಟ್ಟಿಗೆಗೆ ಬಂದು ತನ್ನ ಮಣೆಯ ಮೇಲೆ ಕುಳಿತ ಮೇಲೆಯೇ ದೇವಕುಮಾರ ಮಾತಾಡಿದ್ದು. ಅದೂ ಮೆಲ್ಲಗೆ.

"ಹೆಗಡೇರ ಆಳು ಒಳ್ಳೆಯವನೇ ಇರ್ತಾನೆ. ದಿನಾ ಬರ್ತಾನೆ ಅಂತಲೂ ಇಟ್ಟುಕೊಳ್ಳೋಣ. ಆದ್ರೆ ನೋಡು, ಓಣಿಯಲ್ಲಿ ನಾನು ಹೋಗ್ತೇನೆ. ಇಲ್ಲಿ ನನ್ನನ್ನ ಒಯ್ತಾರೆ."

ಜಿನಮ್ಮ ಮನೆಗೆ ಹೋಗಲಿಲ್ಲ. ಅಲ್ಲಿಂದ ನೇರವಾಗಿ ವನಮಾಲಾಳ ಮನೆಗೆ ಹೋಗಿ, ಹೊಸಿಲಲ್ಲೇ ನಿಂತು ಹೇಳಿದಳು: "ಕಾಗದ ಕೊಡಿ. ಎಂತ ಬರೀಬೇಕು ಹೇಳಿ."

"ಹೆಗಡೇರ ಬಗ್ಗೆ ಒಂದಕ್ಷರವೂ ಬೇಡ," ಎಂದಳು ವನಮಾಲಾ. "ಓಣಿಯ ಬಗ್ಗೆ ಬರೀರಿ. ಅದರಿಂದ ಯಾರಿಗೆ ಎಂತ ಉಪಯೋಗ ಅಂತ ಬರೀರಿ. ಬೈಗುಳಕ್ಕೆ ಸಭೆಯಲ್ಲಿ ಬೆಲೆ ಇಲ್ಲ, ಕಾರಣಕ್ಕೆ ಇದೆ."

ಜಿನಮ್ಮ ಬರೆದಳು. ಗಂಡ ಗೋಡೆ ಹಿಡಿದು ಒಬ್ಬನೇ ದುಡಿಮೆಗೆ ಹೋಗುವ ದಾರಿ ಇದೊಂದೇ. ಮಳೆಗಾಲದಲ್ಲಿ ಪೇಟೆಯ ನೀರು ಕೆರೆಗೆ ಇಳಿಯುವುದು ಈ ಓಣಿಯ ಚರಂಡಿಯಿಂದಲೇ. ಅಡಿಕೆಯ ಕಾಲ ಮುಗಿದರೆ ಕೆಳಗಿನ ಮನೆಗಳವರೆಲ್ಲ ನಡೆಯುವುದು ಇಲ್ಲೇ. ಅಡಿಕೆಯ ಕಾಲದಲ್ಲಿ ನಡೆಯದಿರುವುದು ನೆರೆಯವರ ಮೇಲಿನ ಗೌರವಕ್ಕೆ, ದಾರಿ ಬೇಡವೆಂದಲ್ಲ. ಬರೆದು ಓದಿದಾಗ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಕಾಲ ಕೆಳಗೇ ಇದ್ದ ಸಂಗತಿಗಳು.

ಆಮೇಲೆ ಮನೆಮನೆಯ ಸರದಿ. ಓದಿ ಹೇಳುವುದು, ಒಪ್ಪಿದವರಿಂದ ರುಜು, ರುಜು ಬಾರದವರಿಂದ ಹೆಬ್ಬೆಟ್ಟು. ಕೆಲವರು ಕೂಡಲೇ ಕೈ ಚಾಚಿದರು. ಕೆಲವರು ಹೆಗಡೆಯವರ ಮಂಡಿಯಲ್ಲೇ ದುಡಿಯುವವರು. ಬಾಗಿಲ ಹಿಂದೆ ನಿಂತು, "ನಮ್ಮನ್ನ ಬಿಡಿ ಅಮ್ಮಾ," ಎಂದರು. ಅವರನ್ನು ಜಿನಮ್ಮ ಒತ್ತಾಯಿಸಲಿಲ್ಲ. ಮರುದಿನ ಮಾತ್ರ ಮತ್ತೆ ಹೋದಳು, ಅದರ ಮರುದಿನವೂ. ಕಾಗದದ ಮಾತೆತ್ತದೆ ಯೋಗಕ್ಷೇಮ ಕೇಳಿ ಬಂದಳು. ಕೊನೆಗೆ ಅವರಲ್ಲೊಬ್ಬರು ತಾವಾಗಿಯೇ ಮಸಿಯ ಡಬ್ಬಿ ಕೇಳಿದರು.

ತಕರಾರನ್ನು ಪುರಸಭೆಗೆ ಕೊಟ್ಟು, ವನಮಾಲಾ ಹೇಳಿಕೊಟ್ಟಂತೆ, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡು ಹಿಂದಿರುಗುವಾಗ ಹೆಗಡೆಯವರು ಎದುರಾದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಜಿನಮ್ಮನವರೇ, ನನ್ನ ಹತ್ರವೇ ಹೇಳಬಹುದಿತ್ತು."

"ನೀವು ಕೇಳಿದ್ದು ಪುರಸಭೆಯನ್ನ ಹೆಗಡೇರೇ. ಅದಕ್ಕೇ ನಾನೂ ಅಲ್ಲೇ ಹೇಳಿದೆ."

ಹೆಗಡೆಯವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಮುಂದೆ ಹೋದರು.

ಇನ್ನು ಉಳಿದದ್ದು ಸ್ಥಳ ಪರಿಶೀಲನೆ. ಸದಸ್ಯರು ಬಂದಾಗಲೂ ಓಣಿ ಖಾಲಿ ಕಂಡರೆ?

"ಆ ದಿನ ಎಲ್ರೂ ಸೇರಿ ಓಡಾಡಿಬಿಡೋಣ," ಎಂದಳು ಹುಲಿಯಮ್ಮ.

"ಬೇಡ," ಎಂದಳು ವನಮಾಲಾ. "ಒಂದು ದಿನದ ವೇಷ ಯಾರಿಗೂ ಬೇಡ. ದಾರಿ ಬೇಕು ಅಂತಿದ್ರೆ ಇವತ್ತಿಂದಲೇ ನಡೀರಿ, ಅವರು ಬಂದು ಹೋದ ಮೇಲೂ ನಡೀರಿ."

"ಅಡಿಕೆ ದಾಟಿಕೊಂಡು? ನನ್ನಿಂದಾಗೋದಲ್ಲ ಮಾರಾಯ್ತಿ. ಓಣಿ ಉಳಿಸೋಕೆ ಹೋಗಿ ಲಕ್ಷ್ಮಿ ಹೋದ್ರೆ?"

ಅದುವರೆಗೆ ಒಳಗೆ ಬೆತ್ತ ನೆನೆಹಾಕುತ್ತಿದ್ದ ದೇವಕುಮಾರ ಅಲ್ಲಿಂದಲೇ ಹೇಳಿದ: "ದಾಟೋದು ಯಾಕೆ? ನಾನು ಇಷ್ಟು ವರ್ಷದಲ್ಲಿ ಒಂದು ಅಡಿಕೆ ಮೆಟ್ಟಿದ್ದೇನಾ? ನನ್ನ ಹಿಂದೆ ಬನ್ನಿ."

ಹುಲಿಯಮ್ಮ ಬಾಯಿಗೆ ಸೆರಗು ಹಿಡಿದಳು. "ಕಣ್ಣಿದ್ದೋರಿಗೆ ದಾರಿ ತೋರ್ಸೋಕೆ ಕೊನೆಗೆ ನೀವೇ ಬೇಕಾಯ್ತಲ್ಲ ಅಯ್ಯಾ."

"ಬಾ, ಬಾ. ಕಣ್ಣು ಮುಚ್ಚಿಕೊಂಡು ಬಾ. ಸುಲಭ ಆಗ್ತದೆ."

ಮಾರನೆಯ ಬೆಳಗ್ಗೆಯಿಂದ ಆ ಗೋಡೆಯ ಬುಡದಲ್ಲಿ ಒಂದು ಸಾಲು ಕಾಣತೊಡಗಿತು. ಮುಂದೆ ದೇವಕುಮಾರ. ಹಿಂದೆ ಸೊಪ್ಪಿನ ಬುಟ್ಟಿ, ಹಾಲಿನ ಚೆಂಬು, ಬಸದಿಗೆ ಹೊರಟ ಹೂವಿನ ತಟ್ಟೆ, ಕೋರ್ಟಿಗೆ ಹೊರಟ ಕೊಡೆ. ಒಬ್ಬರ ಹಿಂದೆ ಒಬ್ಬರು, ಗೋಡೆಗೆ ಒಂದು ಕೈ ಆನಿಸಿ. ಮೊದಮೊದಲು ಮಂಡಿಯ ಆಳುಗಳು ಮುಸಿಮುಸಿ ನಕ್ಕರು. ವಾರ ಕಳೆಯುವ ಹೊತ್ತಿಗೆ, ಸಾಲು ಬರುವ ಸಮಯಕ್ಕೆ ಚಾಪೆಯ ಅಂಚನ್ನು ಅವರೇ ಒಂದಿಷ್ಟು ಒಳಕ್ಕೆ ಎಳೆಯುತ್ತಿದ್ದರು. ನಾಲ್ಕು ಕೆಂಪಡಿಕೆ ಹೊರಗೆ ಉರುಳಿದ್ದರೆ ಹುಲಿಯಮ್ಮ ಹೆಕ್ಕಿ, ಕಣ್ಣಿಗೊತ್ತಿಕೊಂಡು, ಚಾಪೆಯ ಮೇಲಿಟ್ಟು ಹೋಗುತ್ತಿದ್ದಳು.

ಪುರಸಭೆಯ ಸದಸ್ಯರು ಬಂದದ್ದು ಮಾಘಮಾಸದಲ್ಲಿ. ಮುಂದೆ ಚಂದ್ರಯ್ಯನವರು. ಕಡ್ಡಿ ಮುರಿದಂತೆ ಮಾತಾಡುವ ಹಳೆಯ ಸದಸ್ಯರು. ಜೋಡಿಕಲ್ಲಿನ ಬಳಿ ನಿಂತು, ಎದುರಿನಿಂದ ಬರುತ್ತಿದ್ದ ಸಾಲನ್ನು ಹುಬ್ಬು ಗಂಟಿಕ್ಕಿ ನೋಡಿದರು.

"ಏನಿದು ಮೆರವಣಿಗೆ? ನಮಗೆ ತೋರಿಸಲಿಕ್ಕೋ?"

"ನೀವು ಬರ್ತೀರಿ ಅಂತ ನಮಗೆ ಕನಸು ಬಿದ್ದಿತ್ತಾ ಸ್ವಾಮಿ?" ಎಂದಳು ಹುಲಿಯಮ್ಮ, ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ. "ನಾಳೆ ಬನ್ನಿ, ನಾಡಿದ್ದು ಬನ್ನಿ. ಸೊಪ್ಪು ಬಾಡೋದ್ರೊಳಗೆ ಬನ್ನಿ, ಅಷ್ಟೇ."

ಚಂದ್ರಯ್ಯನವರ ಮೀಸೆಯಡಿ ನಗು ಹಾದುಹೋಯಿತು. 'ಸಂಚಾರವಿಲ್ಲ' ಎಂದು ಓವರ್‌ಸೀಯರು ಬರೆದದ್ದು ಯಾಕೆಂದು ಕೇಳಿದರು. ಜಿನಮ್ಮ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ಪದ್ಧತಿಯನ್ನು ವಿವರಿಸಿದಳು.

"ಇರಬಹುದು," ಎಂದರು ಇನ್ನೊಬ್ಬ ಸದಸ್ಯರು. "ಆದರೆ ಇಷ್ಟು ವರ್ಷದಿಂದ ಮಂಡಿಯವರೇ ಬಳಸ್ತಾ ಇದ್ದಾರಲ್ಲ. ಒಂದು ರೀತಿಯಲ್ಲಿ ಅವರದ್ದೇ ಆದ ಹಾಗೆ."

ಹೆಗಡೆಯವರು ಮಂಡಿಯ ಮೆಟ್ಟಿಲಲ್ಲಿ ನಿಂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಒಳಜಗಲಿಯಿಂದ ಒಂದು ಮುದಿದನಿ ಬಂತು. ಅವರ ತಾಯಿ ಮಹಾಲಕ್ಷ್ಮಮ್ಮ, ಹೊರಗಿನವರ ಮುಂದೆ ಎಂದೂ ಮಾತಾಡದವರು. ಗೋಡೆಗೊರಗಿ ಕುಳಿತು, ಯಾರ ಮುಖವನ್ನೂ ನೋಡದೆ ಮನೆಮಾತಿನಲ್ಲೇ ಹೇಳಿದರು:

"ದಾರಿ ಮೇಲೆ ಹರವಿದ್ದು ಇದ್ದು. ದಾರಿ ಎಂಗಳದ್ದು ಆಗಿದ್ದು ಇಲ್ಲೆ."

ಹರವಿದ್ದೇನೋ ನಿಜ, ಅಷ್ಟಕ್ಕೇ ದಾರಿ ತಮ್ಮದಾಗಲಿಲ್ಲ ಎಂದು. ಹೆಗಡೆಯವರು ತಲೆ ತಗ್ಗಿಸಿದರು. ಚಂದ್ರಯ್ಯನವರು ದೇವಕುಮಾರನ ಕಡೆಗೆ ತಿರುಗಿದರು.

"ನಿಮಗೆ ಆಳು ಕೊಡ್ತೇವೆ ಅಂದಿದ್ದಾರಂತೆ?"

"ಅಂದಿದ್ದಾರೆ. ಅವರ ಉಪಕಾರ ಮರೆಯೋದಿಲ್ಲ," ಎಂದ ದೇವಕುಮಾರ, ಅಂಗೈಯನ್ನು ಗೋಡೆಯಿಂದ ತೆಗೆಯದೆ. "ಆದ್ರೆ ಕೈ ಹಿಡಿಯೋಕೆ ಜನ ಸಿಗ್ತಾರೆ ಸ್ವಾಮಿ. ಈ ಗೋಡೆ ಇನ್ನೊಂದು ಸಿಗೋದಿಲ್ಲ."

ಚಂದ್ರಯ್ಯನವರು ಆ ನುಣುಪಾದ ಗೆರೆಯ ಮೇಲೆ ತಮ್ಮ ಬೆರಳಿಟ್ಟು, ಓಣಿಯ ಕೊನೆಯವರೆಗೂ ಮೆಲ್ಲಗೆ ಸವರುತ್ತ ನಡೆದು ಹೋದರು.

ಸಭೆಯ ದಿನ ಹಿಂದಿನ ಬೆಂಚಿನಲ್ಲಿ ವನಮಾಲಾ ಒಬ್ಬಳೇ ಇರಲಿಲ್ಲ. ಬೆಂಚು ಸಾಲದೆ ಹುಲಿಯಮ್ಮ ನೆಲದ ಮೇಲೆ ಕುಳಿತಿದ್ದಳು, ಕಣ್ಣರೆಪ್ಪೆ ಬಡಿಯದೆ. ಅರ್ಜಿ ಓದಿದರು. ತಕರಾರು ಓದಿದರು. ಮಂಡಿ ಬೆಳೆದರೆ ಊರಿಗೂ ಲಾಭ ಎಂದವರಿದ್ದರು. ಆ ಮಾತಿನಲ್ಲೂ ನ್ಯಾಯವಿತ್ತು, ಸಭೆ ಅದನ್ನೂ ಕೇಳಿತು. ಚರಂಡಿ ಮುಚ್ಚಿದರೆ ಪೇಟೆಯ ನೀರಿಗೆ ಗತಿಯೇನು ಎಂದು ಓವರ್‌ಸೀಯರೇ ಎದ್ದು ಕೇಳಿದರು. ಕೊನೆಗೆ ಓಣಿಯನ್ನು ಮುಚ್ಚಕೂಡದೆಂದು ಹೆಚ್ಚಿನ ಕೈಗಳು ಮೇಲೆದ್ದವು. ಅಡಿಕೆಯ ಕಾಲದಲ್ಲಿ, ಇಬ್ಬರು ಎದುರುಬದುರಾಗಿ ದಾಟುವಷ್ಟು ದಾರಿ ಬಿಟ್ಟು, ಹೆಗಡೆಯವರು ಪುರಸಭೆಯ ಅನುಮತಿ ಪಡೆದು ಚಾಪೆ ಹರವಬಹುದೆಂದೂ ತೀರ್ಮಾನವಾಯಿತು.

ಹೊರಗೆ ಬಂದಾಗ ಹೆಗಡೆಯವರು ದೇವಕುಮಾರನ ಬಳಿ ನಿಂತು, "ನಾಳೆ ಚಾಪೆ ಹಿಂದೆ ಸರಿಸ್ತೇನೆ ದೇವಣ್ಣಾ," ಎಂದರು. ಬೇಸರವಿತ್ತು ದನಿಯಲ್ಲಿ, ಹಗೆಯಿರಲಿಲ್ಲ. ಮಂಡಿಗೆ ಬೇರೆ ಜಾಗವನ್ನು ಅವರು ಮುಂದಿನ ವರ್ಷ ರೈಲುನಿಲ್ದಾಣದ ಕಡೆ ಹುಡುಕಿಕೊಂಡರು.

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ನಿಮ್ಮ ಬೀದಿಯ ಕಲ್ಲಿಗೂ ಒಂದು ದಿನ ಇಂಥ ಕಾಗದ ಅಂಟೀತು. ಅಂದು ಕಣ್ಣು ತಪ್ಪಿಸಿ ಹೋಗಬೇಡಿ. ನಿಂತು ಓದಿ, ಓದು ಬಾರದಿದ್ದರೆ ಬಲ್ಲವರನ್ನು ಕರೆದು ಓದಿಸಿ. ಡಂಗುರ ಕೇಳಿದರೆ ಏನೆಂದು ಕೇಳಿ. ಮುಚ್ಚುವುದೇ ಊರಿಗೆ ಹಿತವೆಂದು ತೋರಿದರೆ ಹಾಗೆಂದೇ ಹೇಳಿ. ಬೇಡವೆನಿಸಿದರೆ ಕಾರಣವನ್ನು ಬರೆದು, ಗಡುವಿನೊಳಗೆ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಪರಿಶೀಲನೆಯ ದಿನ ಮನೆಯಲ್ಲಿರಿ, ಸಭೆಯ ದಿನ ಬೆಂಚಿನಲ್ಲಿರಿ. ನೆರೆಯವರಿಗೆ ಮರ್ಯಾದೆಯಿಂದ ದಾರಿ ಬಿಡಿ. ಆದರೆ ಬಿಟ್ಟದ್ದು ಮರ್ಯಾದೆಗೆ ಎಂಬುದನ್ನು ಬಾಯಿಬಿಟ್ಟು ಹೇಳಿ. ನೀವು ನಡೆಯದ ದಾರಿ ನಿಮ್ಮದೆಂದು ಊರಿಗೆ ತಿಳಿಯುವುದಾದರೂ ಹೇಗೆ?

ಸಭೆಯ ಮಾರನೆಯ ಬೆಳಗು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ದೇವಕುಮಾರ ಬೆತ್ತದ ಕಟ್ಟನ್ನು ಎತ್ತಿಕೊಂಡು ಹೊಸಿಲು ದಾಟಿದ. ಅವನ ಅಂಗೈ ಗೆರೆಯನ್ನು ಸೇರಿತು. ಓಣಿಯಲ್ಲಿ ಮುಂದೆ ಯಾರೋ ಕೆಮ್ಮಿದರು, ಹಿಂದೆ ಹುಲಿಯಮ್ಮನ ಬಳೆ ಸದ್ದಾಯಿತು. ಜಿನಮ್ಮ ಎಂದಿನಂತೆ ಬಾಗಿಲಲ್ಲಿ ನಿಂತಳು. ಗಂಡ ಜೋಡಿಕಲ್ಲನ್ನು ತಲುಪಲು ಇನ್ನೂ ದೂರವಿತ್ತು. ಒಳಗೆ ಹಾಲು ಕಾಯುತ್ತಿತ್ತು. ಅವಳು ಒಂದು ಗಳಿಗೆ ನೋಡಿದಳು. ಆಮೇಲೆ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಅವನ ಬೆನ್ನ ಹಿಂದೆ ಬಾಗಿಲು ಹಾಕಿಕೊಂಡಳು.